ಬೀಗ ಹಾಕದ ಪೆಟ್ಟಿಗೆ: ಡಿಕ್ ಸ್ಮಿತ್ ಮತ್ತು ಮೇಕಪ್ಪಿನ ವಿದ್ಯೆ

(ಮೇಕಪ್ ಕಲಿಯುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಬಗ್ಗೆ. ಅವರ ಹೆಸರು ಕೇಳದವರೂ ಅವರ ಕೆಲಸ ನೋಡಿರುತ್ತೀರಿ. ‘ದಿ ಗಾಡ್‌ಫಾದರ್’ ಚಿತ್ರದಲ್ಲಿ ಮಾರ್ಲನ್ ಬ್ರಾಂಡೋ ಅವರ ಜೋತುಬಿದ್ದ ದವಡೆ, ‘ದಿ ಎಕ್ಸಾರ್ಸಿಸ್ಟ್’ನ ಹುಡುಗಿಯ ಕೊಳೆತ ಗಾಯಗಳ ಮುಖ, ‘ಅಮೆಡಿಯಸ್’ನ ಮುದಿ ಸಂಗೀತಗಾರ ಸಾಲಿಯೇರಿ, ಎಲ್ಲವೂ ಅವರ ಕೈಯಿಂದ ಬಂದವು. ಇನ್ನೊಂದಿದೆ. ಅದನ್ನು ನೋಡಿಯೂ ನೀವು ಗುರುತಿಸಿರಲಿಕ್ಕಿಲ್ಲ. ‘ಎಕ್ಸಾರ್ಸಿಸ್ಟ್’ನಲ್ಲಿ ದೆವ್ವ ಬಿಡಿಸಲು ಬರುವ ಮುದಿ ಪಾದ್ರಿಯ ಪಾತ್ರ ಮಾಡಿದ ಮ್ಯಾಕ್ಸ್ ವಾನ್ ಸಿಡೋ ಅವರಿಗೆ ಆಗ ವಯಸ್ಸು 44ರ ಆಸುಪಾಸು. ತೆರೆಯ ಮೇಲೆ ಕಾಣುವವರು ಎಪ್ಪತ್ತು ದಾಟಿದವರು. ಹುಡುಗಿಯ ಮುಖ ನೋಡಿ ಜನ ಬೆಚ್ಚಿಬಿದ್ದರು, ಪಾದ್ರಿಯ ಮುಖದಲ್ಲಿ ಮೇಕಪ್ ಇದೆಯೆಂದು ಬಹಳ ಮಂದಿಗೆ ಹೊಳೆಯಲೇ ಇಲ್ಲ. ಆ ಚಿತ್ರದಲ್ಲಿ ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ ಈ ಕಸುಬು ಬಲ್ಲವರು ಪಾದ್ರಿಯ ಮುಖವನ್ನೇ ತೋರಿಸುತ್ತಾರೆ. ಗಾಯದಲ್ಲಿ ಒಂದು ಅಂಚು ಎದ್ದರೂ ಅದು ಗಾಯದ ಭಾಗವೇ ಅನ್ನಿಸುತ್ತದೆ. ವಯಸ್ಸಾದ ಕೆನ್ನೆಯಲ್ಲಿ ಅಂಚು ಎದ್ದರೆ ಆಟ ಮುಗಿಯಿತು.

ರಿಚರ್ಡ್ ಎಮರ್ಸನ್ ಸ್ಮಿತ್ ಹುಟ್ಟಿದ್ದು 1922ರ ಜೂನ್ 26ರಂದು, ನ್ಯೂಯಾರ್ಕ್ ರಾಜ್ಯದ ಲಾರ್ಚ್‌ಮಾಂಟ್‌ನಲ್ಲಿ. ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದರು, ಮನಸ್ಸು ವೈದ್ಯಕೀಯದ ಕಡೆಗಿತ್ತು. ರಂಗಭೂಮಿಯ ಮೇಕಪ್ ಕುರಿತ ಒಂದು ಪುಸ್ತಕ ಅಕಸ್ಮಾತ್ತಾಗಿ ಕೈಗೆ ಸಿಕ್ಕಿತು. ಅದನ್ನು ಓದಿ, ತನ್ನ ಮುಖದ ಮೇಲೇ ಪ್ರಯೋಗ ಮಾಡಿ, ಕಾಲೇಜಿನ ನಾಟಕಗಳಿಗೆ ಬಣ್ಣ ಹಚ್ಚತೊಡಗಿದರು. ಯುದ್ಧಕಾಲದಲ್ಲಿ ಸೇನೆಯಲ್ಲಿದ್ದು ಬಂದ ಮೇಲೆ, 1945ರಲ್ಲಿ ನ್ಯೂಯಾರ್ಕ್‌ನ ಎನ್‌ಬಿಸಿ ಟೆಲಿವಿಷನ್ ಸೇರಿದರು. ಅಲ್ಲಿ ಮೇಕಪ್ ವಿಭಾಗವೆಂಬುದನ್ನು ಕಟ್ಟಿದವರೇ ಅವರು. 14 ವರ್ಷ ಅದನ್ನು ನಡೆಸಿದರು.

ಇಲ್ಲಿ ಊರಿನ ಹೆಸರು ಮುಖ್ಯ. ಆ ಕಾಲದ ಮೇಕಪ್ ವಿದ್ಯೆಯೆಲ್ಲ ಇದ್ದದ್ದು ದೇಶದ ಇನ್ನೊಂದು ತುದಿಯಲ್ಲಿ, ಹಾಲಿವುಡ್ ಸ್ಟುಡಿಯೋಗಳ ಒಳಗೆ. ಅಲ್ಲಿಯವರು ಪಾಕವನ್ನು ಹೊರಗೆ ಬಿಡುತ್ತಿರಲಿಲ್ಲ. ರಬ್ಬರ್‌ಗೆ ಏನು ಬೆರೆಸಿದರು, ಅಚ್ಚು ಹೇಗೆ ಮಾಡಿದರು ಎಂಬುದೆಲ್ಲ ಆಯಾ ಪ್ರಯೋಗಶಾಲೆಯ ಗುಟ್ಟು. ನ್ಯೂಯಾರ್ಕ್‌ನಲ್ಲಿದ್ದ ಸ್ಮಿತ್‌ಗೆ ಕೇಳಲು ಗುರುವಿಲ್ಲ, ಕದ್ದು ನೋಡಲು ಪಕ್ಕದ ಕೋಣೆಯೂ ಇಲ್ಲ. ಎಲ್ಲವನ್ನೂ ತಾವೇ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತರು. ಹಾಲಿವುಡ್‌ನ ಪದ್ಧತಿ ಗೊತ್ತಿಲ್ಲದ್ದರಿಂದ ಬೇರೆ ದಾರಿ ಹಿಡಿದರು. ಹೇಳಿಕೊಡುವವರಿಲ್ಲದೆ ಪಟ್ಟ ಪಾಡು ನೆನಪಿದ್ದರಿಂದ, ಕೇಳಿದವರಿಗೆಲ್ಲ ಹೇಳಿಕೊಟ್ಟರು. ಅವರ ತಂತ್ರ ಮತ್ತು ಅವರ ಧಾರಾಳತನ ಎರಡಕ್ಕೂ ಬೇರು ಒಂದೇ ಎಂದು ನಮ್ಮ ತಿಳಿವಳಿಕೆ.

ಆಗಿನ ಟೆಲಿವಿಷನ್ ನಾಟಕ ನೇರಪ್ರಸಾರ. ಒಂದು ದೃಶ್ಯದಲ್ಲಿ ಮೂವತ್ತರ ಹೆಂಗಸು, ಮುಂದಿನ ದೃಶ್ಯದಲ್ಲಿ ಅರವತ್ತರವಳು. ನಡುವೆ ಸಿಗುವುದು ಕೆಲವೇ ನಿಮಿಷ. ಗಂಟೆಗಟ್ಟಲೆ ಕೂತು ಬಣ್ಣದಲ್ಲಿ ಸುಕ್ಕು ಬರೆಯುವ ಪದ್ಧತಿ ಇಲ್ಲಿ ನಡೆಯದು. ಮೊದಲೇ ತಯಾರಿಸಿಟ್ಟ ತುಂಡುಗಳನ್ನು ಥಟ್ಟನೆ ಅಂಟಿಸಬೇಕು, ಅವು ಮೊದಲ ಸಲಕ್ಕೇ ಸರಿಯಾಗಿ ಕೂರಬೇಕು. ಫೋಮ್ ಲ್ಯಾಟೆಕ್ಸ್ ಅವರ ಕೈಗೆ ಪಳಗಿದ್ದು ಈ ಒತ್ತಡದಲ್ಲಿ.

ಫೋಮ್ ಲ್ಯಾಟೆಕ್ಸ್ ಎಂದರೆ ರಬ್ಬರ್ ಹಾಲನ್ನು ನೊರೆ ಬರುವಂತೆ ಕಡೆದು, ಅಚ್ಚಿನಲ್ಲಿ ಸುರಿದು, ಒಲೆಯಲ್ಲಿ ಬೇಯಿಸಿ ಮಾಡುವ ಮೆತ್ತನೆಯ ಸ್ಪಂಜು. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ ಹೀಗಿದೆ: 150 ಗ್ರಾಂ ಲ್ಯಾಟೆಕ್ಸ್, 30 ಗ್ರಾಂ ನೊರೆ ಬರಿಸುವ ದ್ರಾವಣ, 15 ಗ್ರಾಂ ಗಂಧಕವಿರುವ ಕ್ಯೂರಿಂಗ್ ದ್ರಾವಣ, ಕೊನೆಯಲ್ಲಿ ನೊರೆಯನ್ನು ಗಟ್ಟಿಯಾಗಿಸುವ ಜೆಲ್ಲಿಂಗ್ ದ್ರಾವಣ ಸುಮಾರು 14 ಗ್ರಾಂ. ಮೊದಲ ಮೂರನ್ನು ಅಡುಗೆಮನೆಯ ಮಿಕ್ಸರ್‌ನಂಥ ಯಂತ್ರದಲ್ಲಿ ಜೋರಾಗಿ ಕಡೆದು ನಾಲ್ಕೈದು ಪಟ್ಟು ಉಬ್ಬಿಸಬೇಕು. ಆಮೇಲೆ ವೇಗ ತಗ್ಗಿಸಿ ದೊಡ್ಡ ಗುಳ್ಳೆಗಳನ್ನು ಒಡೆಯಬೇಕು. ಈ ಎರಡನೆಯ ಹಂತದಲ್ಲಿ ಅವಸರ ಮಾಡಿದರೆ ತುಂಡಿನ ಮೈಯಲ್ಲಿ ತೂತುಗಳು ಉಳಿಯುತ್ತವೆ. ಜೆಲ್ಲಿಂಗ್ ದ್ರಾವಣ ಹಾಕಿದ ಮೇಲೆ ಕೈಯಲ್ಲಿರುವುದು ಕೆಲವೇ ನಿಮಿಷ. ಅಷ್ಟರೊಳಗೆ ನೊರೆ ಅಚ್ಚಿನೊಳಗೆ ಹೋಗಿ, ಅಚ್ಚು ಮುಚ್ಚಿ ಬಿಗಿಯಾಗಿರಬೇಕು. ಕೋಣೆ ಬಿಸಿಯಿದ್ದರೆ ಬಟ್ಟಲಿನಲ್ಲೇ ಗಟ್ಟಿಯಾಗುತ್ತದೆ, ತಂಪಿದ್ದರೆ ಗಟ್ಟಿಯಾಗುವ ಮೊದಲೇ ನೊರೆ ಕುಸಿಯುತ್ತದೆ. ಹಾಗಾಗಿ ಆ 14 ಗ್ರಾಂ ಎಂಬುದು ಶಾಶ್ವತ ಅಂಕಿಯಲ್ಲ. ಆ ದಿನದ ತಾಪಮಾನ, ತೇವ ನೋಡಿ ಒಂದೆರಡು ಗ್ರಾಂ ಹೆಚ್ಚು ಕಡಿಮೆ ಮಾಡಬೇಕು, ಪ್ರತಿ ಸಲ ಬರೆದಿಡಬೇಕು. ಬೇಯಿಸುವುದು 85 ಡಿಗ್ರಿ ಸೆಲ್ಸಿಯಸ್ ಹತ್ತಿರ, ಸುಮಾರು ಮೂರು ಗಂಟೆ. ಅಚ್ಚು ದಪ್ಪವಿದ್ದರೆ ಇನ್ನೂ ಹೆಚ್ಚು. ಬೆರಳಿನಿಂದ ಒತ್ತಿದರೆ ಕುಳಿ ತಕ್ಷಣ ಮೇಲೇಳಬೇಕು. ಕುಳಿ ಹಾಗೇ ನಿಂತರೆ ಬೆಂದಿಲ್ಲ. ಬೇಗ ಆಗಲಿ ಎಂದು ಒಲೆಯ ಶಾಖ ಏರಿಸಿದವರಿಗೆ ಸಿಗುವುದು ಬಿರುಕು ಬಿಟ್ಟ ಅಚ್ಚು. ಆ ಅಚ್ಚಿನ ಹಿಂದೆ ವಾರಗಟ್ಟಲೆಯ ಶಿಲ್ಪದ ಕೆಲಸ ಇರುತ್ತದೆ.

ಈಗ ಸ್ಮಿತ್ ಅವರ ಮುಖ್ಯ ಕೊಡುಗೆಗೆ ಬರೋಣ. ಹಾಲಿವುಡ್‌ನ ವಾಡಿಕೆ ಏನಿತ್ತೆಂದರೆ, ಮುಖ ಪೂರ್ತಿ ಬದಲಾಗಬೇಕಿದ್ದರೆ ಇಡೀ ಮುಖಕ್ಕೆ ಒಂದೇ ತುಂಡು. ಅಂಟಿಸಲು ಸುಲಭ, ಜೋಡಣೆಯ ತೊಂದರೆ ಇಲ್ಲ. ಆದರೆ ಹಣೆಯ ಚರ್ಮ ಎಳೆದಾಗ ಕೆನ್ನೆಯೂ ಎಳೆಯುತ್ತದೆ, ನಟ ಏನು ಮಾಡಿದರೂ ಮುಖ ಅರ್ಧ ಸತ್ತಂತೆ ಕಾಣುತ್ತದೆ. ಸ್ಮಿತ್ ಮುಖವನ್ನು ಭಾಗ ಮಾಡಿದರು. ಹಣೆ, ಮೂಗು, ಮೇಲ್ದುಟಿ, ಗಲ್ಲ, ಕೆನ್ನೆ, ಕತ್ತು, ಕಣ್ಣಿನ ಕೆಳಗಿನ ಚೀಲ, ಒಂದೊಂದೂ ಬೇರೆ ತುಂಡು. ಒಂದರ ತೆಳುವಾದ ಅಂಚು ಇನ್ನೊಂದರ ಮೇಲೆ ಹಾಯುತ್ತದೆ. ಸ್ನಾಯು ಎಲ್ಲಿ ಚಲಿಸುತ್ತದೋ ಅಲ್ಲಿ ತೆಳು, ಎಲ್ಲಿ ಸುಮ್ಮನಿರುತ್ತದೋ ಅಲ್ಲಿ ಬೇಕಾದಷ್ಟು ದಪ್ಪ. ಇದು ತಪ್ಪು, ತುಂಡುಗಳು ಒಂದಕ್ಕೊಂದು ಕೂಡಲಾರವು ಎಂದು ಹಳಬರು ಹೇಳಿದರು. ಅವರ ಮಾತಿನಲ್ಲಿ ಅರ್ಥವಿತ್ತು. ಫೋಮ್ ಬೆಂದಾಗ ನೀರು ಹೋಗಿ ಸ್ವಲ್ಪ ಕುಗ್ಗುತ್ತದೆ, ಪ್ರತಿ ತುಂಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಬಹುದು. ಸ್ಮಿತ್ ಅವರ ಉತ್ತರ, ತುಂಡು ಚಿಕ್ಕದಾದಷ್ಟೂ ಕುಗ್ಗುವುದೂ ಕಡಿಮೆ, ಉಳಿದ ವ್ಯತ್ಯಾಸವನ್ನು ಒಂದರ ಮೇಲೊಂದು ಹಾಯುವ ಅಂಚೇ ನುಂಗುತ್ತದೆ. ಇವತ್ತು ಜಗತ್ತಿನ ಎಲ್ಲ ಕಡೆ ಇದೇ ಪದ್ಧತಿ.

ಕೆಲಸದ ಕ್ರಮ ಹೇಳುತ್ತೇವೆ. ಮೊದಲು ನಟನ ಮುಖದ ಎರಕ, ಅಂದರೆ ಮುಖದ ಗಟ್ಟಿ ಪ್ರತಿ. ಹುಬ್ಬು, ರೆಪ್ಪೆಗೂದಲಿಗೆ ವ್ಯಾಸಲೀನ್ ಸವರಿ, ದಂತವೈದ್ಯರು ಬಳಸುವ ಆಲ್ಜಿನೇಟನ್ನು ಮುಖಕ್ಕೆ ಹಚ್ಚಬೇಕು. ಮೂಗಿನ ಹೊಳ್ಳೆಗಳನ್ನು ಒಬ್ಬರು ಕಣ್ಣಿಟ್ಟು ನೋಡಿಕೊಳ್ಳುತ್ತಲೇ ಇರಬೇಕು, ಆ ಕೆಲಸ ಬಿಟ್ಟು ಅವರಿಗೆ ಬೇರೇನೂ ಒಪ್ಪಿಸಬಾರದು. ಆಲ್ಜಿನೇಟ್ ಕೆಲವೇ ನಿಮಿಷದಲ್ಲಿ ಕಟ್ಟುತ್ತದೆ, ತಣ್ಣೀರು ಹಾಕಿದರೆ ಇನ್ನೊಂದಿಷ್ಟು ಸಮಯ ಸಿಗುತ್ತದೆ. ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜು ಕಟ್ಟಿ ಗಟ್ಟಿಮಾಡಿ ತೆಗೆಯಬೇಕು. ತೆಗೆದ ತಕ್ಷಣ ಅದರೊಳಗೆ ಗಟ್ಟಿ ಜಿಪ್ಸಂ ಸಿಮೆಂಟು ಸುರಿಯಬೇಕು. ಊಟ ಮಾಡಿ ಬಂದು ಸುರಿಯೋಣ ಎಂದರೆ ಆಲ್ಜಿನೇಟ್ ಒಣಗಿ ಕುಗ್ಗಿ, ಮುಖವೇ ಚಿಕ್ಕದಾಗಿರುತ್ತದೆ. ಅಲ್ಲಿಂದ ಮುಂದಿನ ಎಲ್ಲ ತುಂಡುಗಳೂ ಆ ತಪ್ಪನ್ನು ಹೊತ್ತುಕೊಂಡೇ ಬರುತ್ತವೆ.

ಎರಕದ ಮೇಲೆ ಮುದಿ ಮುಖವನ್ನು ಇಡಿಯಾಗಿ ಎಣ್ಣೆಜೇಡಿಯಲ್ಲಿ ತಿದ್ದಬೇಕು. ಭಾಗ ಮಾಡಿ ತಿದ್ದಕೂಡದು. ಮುಖದ ವಯಸ್ಸು ಒಂದೇ ಲಯದಲ್ಲಿ ಹರಿಯಬೇಕಲ್ಲ. ಹಾಗಾದರೆ ತುಂಡು ಮಾಡುವುದು ಹೇಗೆ? ಎರಕಕ್ಕೆ ಮೊದಲೇ ಆಲ್ಕೋಟ್ ಎಂಬ ದಂತವೈದ್ಯಕೀಯದ ಲೇಪ ಹಚ್ಚಿರುತ್ತಾರೆ. ಶಿಲ್ಪ ಮುಗಿದ ಮೇಲೆ ಜೇಡಿಯನ್ನು ಗೆರೆ ಹಾಕಿ ಕೊಯ್ದು, ಎರಕವನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿಡುತ್ತಾರೆ. ಕೆಲವು ಗಂಟೆಗಳಲ್ಲಿ ಲೇಪ ನೀರು ಕುಡಿದು ಸಡಿಲವಾಗಿ, ಜೇಡಿಯ ತುಂಡು ಆಕಾರ ಕೆಡದೆ ಕಳಚಿ ಬರುತ್ತದೆ. ಮೂಗಿನ ಜೇಡಿಯನ್ನು ಮೂಗಿನದೇ ಬೇರೆ ಎರಕದ ಮೇಲೆ, ಗಲ್ಲದ್ದನ್ನು ಗಲ್ಲದ ಎರಕದ ಮೇಲೆ ಕೂರಿಸಿ, ಅಂಚನ್ನು ಬೆರಳಿನಿಂದ ಸೊನ್ನೆಗೆ ಇಳಿಸಿ, ಒಂದೊಂದಕ್ಕೂ ಬೇರೆ ಅಚ್ಚು ತೆಗೆಯುತ್ತಾರೆ. ಅಂಚಿನ ಹೊರಗೆ ಎರಕವೂ ಅದರ ಮೇಲಿನ ಅಚ್ಚೂ ಕಲ್ಲಿಗೆ ಕಲ್ಲು ತಾಗುವಂತಿರಬೇಕು. ಅಲ್ಲಿ ಕಾಗದದಷ್ಟು ಸಂದು ಉಳಿದರೂ ಅಂಚು ದಪ್ಪವಾಗುತ್ತದೆ. ದಪ್ಪ ಅಂಚನ್ನು ಯಾವ ಬಣ್ಣವೂ ಮುಚ್ಚಲಾರದು.

ಈ ಪದ್ಧತಿಯ ದೊಡ್ಡ ಪರೀಕ್ಷೆ 1970ರ ‘ಲಿಟ್ಲ್ ಬಿಗ್ ಮ್ಯಾನ್’. ಮೂವತ್ತು ದಾಟಿದ ಡಸ್ಟಿನ್ ಹಾಫ್‌ಮನ್ 121 ವರ್ಷದ ಮುದುಕನಾಗಬೇಕಿತ್ತು. ಹಚ್ಚಲು ದಿನಕ್ಕೆ ಐದು ಗಂಟೆ. ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕಣ್ಣಿನ ರೆಪ್ಪೆ. ಅಷ್ಟು ಮುದಿಯಾದ ಮುಖದಲ್ಲಿ ಇಪ್ಪತ್ತರ ರೆಪ್ಪೆ ಇದ್ದರೆ ಕ್ಯಾಮೆರಾ ಮೊದಲು ಹಿಡಿಯುವುದು ಅದನ್ನೇ. ಮುಖದ ಎರಕ ತೆಗೆಯುವಾಗ ಕಣ್ಣು ಮುಚ್ಚಿರುತ್ತದೆ. ಆ ಅಳತೆಗೆ ಮಾಡಿದ ಫೋಮ್ ರೆಪ್ಪೆ, ಕಣ್ಣು ತೆರೆದಾಗ ಮಡಚಿ ಒಳಗೆ ಸರಿಯಬೇಕು. ಸ್ವಲ್ಪ ದಪ್ಪವಾದರೂ ಮಡಿಕೆ ಉಂಡೆಕಟ್ಟಿ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ, ತೀರ ತೆಳುವಾದರೆ ಅಂಟಿಸುವಾಗಲೇ ಹರಿಯುತ್ತದೆ. ಸ್ಮಿತ್ ಮಾಡಿದ ರೆಪ್ಪೆಗಳು ಮಿಟುಕುತ್ತಿದ್ದವು. ಚಿತ್ರದ ಮೊದಲ ನಿಮಿಷಗಳನ್ನು ಮತ್ತೆ ನೋಡಿ, ಕಣ್ಣನ್ನಷ್ಟೇ ನೋಡಿ.

ಬ್ರಾಂಡೋ ಅವರ ವಿಷಯದಲ್ಲಿ ಇದ್ಯಾವುದೂ ಬೇಕಾಗಲಿಲ್ಲ. ‘ಗಾಡ್‌ಫಾದರ್’ 1972ರ ಚಿತ್ರ, ಬ್ರಾಂಡೋ ಆಗ 47ರವರು. ಗಂಟೆಗಟ್ಟಲೆ ಮೇಕಪ್ ಕುರ್ಚಿಯಲ್ಲಿ ಕೂರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಫೋಮ್ ತುಂಡುಗಳನ್ನೇ ಕೈಬಿಟ್ಟು ಸ್ಮಿತ್ ಹಿಡಿದದ್ದು ಲ್ಯಾಟೆಕ್ಸ್ ಸ್ಟಿಪಲ್ ಎಂಬ ಸರಳ ವಿಧಾನ. ದುಬಾರಿ ಸಾಮಾನು ಕೈಯಲ್ಲಿದ್ದರೂ ಬೇಡವೆನ್ನುವುದು ದೊಡ್ಡ ಕಲಾವಿದರ ಗುಣ. ಅದೂ ಅಲ್ಲದೆ ಇವತ್ತೇ ಮಾಡಿ ನೋಡಬಹುದಾದ ವಿಧಾನ ಇದು. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ.

ಚರ್ಮವನ್ನು ಬೆರಳಿನಿಂದ ಎಳೆದು ಹಿಡಿಯಬೇಕು. ಸುಕ್ಕು ಯಾವ ದಿಕ್ಕಿಗೆ ಬೇಕೋ ಅದಕ್ಕೆ ಅಡ್ಡವಾಗಿ ಎಳೆಯಬೇಕು. ಹಣೆಯಲ್ಲಿ ಅಡ್ಡಗೆರೆ ಬೇಕಿದ್ದರೆ ಮೇಲಕ್ಕೆ ಎಳೆಯಿರಿ. ಎಳೆದ ಚರ್ಮದ ಮೇಲೆ ಸ್ಪಂಜಿನಿಂದ ತಟ್ಟಿ ತಟ್ಟಿ ತೆಳುವಾಗಿ ಲ್ಯಾಟೆಕ್ಸ್ ಹಚ್ಚಿ. ಉಜ್ಜಬೇಡಿ, ಉಜ್ಜಿದರೆ ಅದು ಉರುಳೆಗಟ್ಟಿ ಎದ್ದು ಬರುತ್ತದೆ. ಎಳೆದು ಹಿಡಿದಂತೆಯೇ ಹೇರ್ ಡ್ರೈಯರ್‌ನ ತಣ್ಣನೆಯ ಇಲ್ಲವೇ ಉಗುರುಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ. ಹಾಲಿನ ಬಿಳುಪು ಹೋಗಿ ಪಾರದರ್ಶಕವಾದಾಗ ಒಣಗಿದೆ ಎಂದರ್ಥ. ಕೈ ಬಿಡುವ ಮೊದಲು ಪೌಡರ್ ಹಾಕಿ. ಇದನ್ನು ಮರೆಯುವವರು ಬಹಳ. ಪೌಡರ್ ಇಲ್ಲದೆ ಕೈ ಬಿಟ್ಟರೆ ಲ್ಯಾಟೆಕ್ಸ್ ತನಗೆ ತಾನೇ ಅಂಟಿಕೊಂಡು ಮುದ್ದೆಯಾಗುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ಪೌಡರ್ ಹಾಕಿ ಕೈ ಬಿಟ್ಟರೆ ಚರ್ಮ ಹಿಂದಕ್ಕೆ ಸರಿಯುತ್ತದೆ, ಲ್ಯಾಟೆಕ್ಸ್ ಪದರ ಮಾತ್ರ ಹಿಗ್ಗಿದ ಅಳತೆಯಲ್ಲೇ ಉಳಿದು ನವಿರಾಗಿ ಸುಕ್ಕಾಗುತ್ತದೆ. ಆ ಸುಕ್ಕು ಬರುವುದು ಆ ನಟನ ಚರ್ಮ ಮುಂದೆಂದೋ ಸುಕ್ಕಾಗುವ ಜಾಗದಲ್ಲೇ. ಈ ವಿಧಾನದ ಬೆಲೆ ಇರುವುದು ಅಲ್ಲಿ.

ಬರಿಯ ಲ್ಯಾಟೆಕ್ಸ್ ಹೊಳೆಯುತ್ತದೆ, ಬಣ್ಣವೂ ಕೂರದು. ಸ್ಮಿತ್ ಅದಕ್ಕೆ ಟಾಲ್ಕ್, ಬಿಸಿನೀರಿನಲ್ಲಿ ಕರಗಿಸಿದ ಜೆಲಾಟಿನ್, ಪುಡಿಮಾಡಿದ ಮೇಕಪ್ ಬಣ್ಣ ಸೇರಿಸಿದರು. ಟಾಲ್ಕ್ ಹೊಳಪು ತೆಗೆದು ಸುಕ್ಕಿಗೆ ಬಿಗಿ ಕೊಡುತ್ತದೆ. ಬಣ್ಣ ಬೆರೆಸುವಾಗ ಬಟ್ಟಲಿನಲ್ಲಿ ಕಂಡದ್ದನ್ನು ನಂಬಬೇಡಿ, ಒಣಗಿದ ಮೇಲೆ ಒಂದು ಮಟ್ಟ ಗಾಢವಾಗುತ್ತದೆ. ಎಳೆ ಚರ್ಮಕ್ಕೆ ಎರಡು ಮೂರು ತೆಳು ಪದರ ಬೇಕಾದೀತು. ಒಂದೇ ದಪ್ಪ ಪದರದಲ್ಲಿ ಮುಗಿಸಲು ಹೋದರೆ ಸುಕ್ಕು ಹೋಗಿ ಚಕ್ಕಳದ ಮಡಿಕೆ ಬರುತ್ತದೆ. ಹುಬ್ಬಿನ ಕೂದಲಿಗೆ ಲ್ಯಾಟೆಕ್ಸ್ ತಾಗಿಸಬೇಡಿ, ತೆಗೆಯುವಾಗ ಕೂದಲೂ ಬರುತ್ತದೆ. ಇನ್ನೊಂದು ಮಾತು, ಇದರಲ್ಲಿ ರಾಜಿಯಿಲ್ಲ. ಕೆಲವರಿಗೆ ಲ್ಯಾಟೆಕ್ಸ್ ಒಗ್ಗುವುದಿಲ್ಲ. ಹಿಂದಿನ ದಿನವೇ ಮುಂದೋಳಿನ ಒಳಭಾಗಕ್ಕೆ ಚುಕ್ಕೆಯಷ್ಟು ಹಚ್ಚಿ ನೋಡಿ. ಮೊದಲೇ ಅಲರ್ಜಿ ಇದೆ ಎಂದು ಹೇಳಿದವರಿಗೆ ಪರೀಕ್ಷೆಗೂ ಹಚ್ಚಬೇಡಿ.

ಇನ್ನು ದವಡೆ. ಬ್ರಾಂಡೋ ಪರೀಕ್ಷಾ ಚಿತ್ರೀಕರಣದಲ್ಲಿ ಕೆನ್ನೆಯೊಳಗೆ ಏನೋ ತುರುಕಿಕೊಂಡು ನಟಿಸಿದ್ದ ಕತೆ ಎಲ್ಲರಿಗೂ ಗೊತ್ತು. ಚಿತ್ರೀಕರಣ ಪೂರ್ತಿ ಹಾಗೆ ಮಾಡಲಾಗದು. ಬಟ್ಟೆ, ಕಾಗದ, ಹತ್ತಿ ಯಾವುದಿದ್ದರೂ ಎಂಜಲಿಗೆ ನೆನೆದು ಕುಸಿಯುತ್ತದೆ, ಒಂದೊಂದು ಟೇಕಿನಲ್ಲಿ ಒಂದೊಂದು ಆಕಾರ, ಮಾತೂ ಸ್ಪಷ್ಟವಾಗದು. ನ್ಯೂಯಾರ್ಕ್‌ನ ದಂತವೈದ್ಯ ಹೆನ್ರಿ ಡ್ವಾರ್ಕ್ ಅವರಿಂದ ಸ್ಮಿತ್ ಒಂದು ಸಾಧನ ಮಾಡಿಸಿದರು. ಕೆಳಗಿನ ಹಲ್ಲುಗಳಿಗೆ ಸಿಕ್ಕಿಸುವ ಉಕ್ಕಿನ ಪಟ್ಟಿ, ಎರಡೂ ಬದಿಗೆ ರಾಳದ ಉಬ್ಬು. ಕೆನ್ನೆಯ ಕೆಳಭಾಗವನ್ನು ಒಳಗಿನಿಂದ ಹೊರಕ್ಕೆ ತಳ್ಳಿ ಜೋಲುವಂತೆ ಮಾಡುತ್ತದೆ. ಹೊರಗೆ ರಬ್ಬರ್ ಇಲ್ಲವಾದ್ದರಿಂದ ಕೆನ್ನೆಯ ಚರ್ಮ ನಟನದೇ, ಅದರ ಅದುರು ಕೂಡ ನಟನದೇ. ಆ ಸಾಧನ ಈಗ ನ್ಯೂಯಾರ್ಕ್‌ನ ಆಸ್ಟೋರಿಯಾದ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನಲ್ಲಿದೆ. ಬ್ರಾಂಡೋ ಅವರ ಖಾಸಗಿ ಮೇಕಪ್ ಕಲಾವಿದ ಫಿಲಿಪ್ ರೋಡ್ಸ್ ಈ ಕೆಲಸದಲ್ಲಿ ಜೊತೆಗಿದ್ದರೆಂಬುದನ್ನೂ ಇಲ್ಲಿ ಸೇರಿಸಬೇಕು.

ಅದೇ ಚಿತ್ರದಲ್ಲಿ ರಕ್ತವೂ ಇದೆ. ಸ್ಮಿತ್ ಅವರ ರಕ್ತದ ಪಾಕ ಈ ಕಸುಬಿನಲ್ಲಿ ಅವರ ಹೆಸರಿನಿಂದಲೇ ಓಡಾಡುತ್ತದೆ. ಬಿಳಿ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿ ಪಾನಕ) ಒಂದು ಕ್ವಾರ್ಟ್, ಅಂದರೆ ಸುಮಾರು 950 ಮಿಲಿಲೀಟರ್. ಕೆಂಪು ಆಹಾರಬಣ್ಣ 2 ಔನ್ಸ್, ಹಳದಿ ಆಹಾರಬಣ್ಣ 5 ಟೀ ಚಮಚ, ಕೆಡದಂತೆ ಮೀಥೈಲ್ ಪ್ಯಾರಾಬೆನ್ 1 ಟೀ ಚಮಚ, ಕೊಡ್ಯಾಕ್ ಫೋಟೋ-ಫ್ಲೋ 2 ಔನ್ಸ್. ಬರಿಯ ಕೆಂಪು ಆಹಾರಬಣ್ಣ ತೆಳುವಾಗಿ ಹರಡಿದ ಕಡೆ ಗುಲಾಬಿಗೆ ತಿರುಗುತ್ತದೆ, ಅದನ್ನು ತಡೆಯಲು ಹಳದಿ. ಫೋಟೋ-ಫ್ಲೋ ಎಂಬುದು ಫಿಲಂ ತೊಳೆಯುವಾಗ ನೀರು ಹನಿಗಟ್ಟದಂತೆ ಬಳಸುತ್ತಿದ್ದ ದ್ರಾವಣ. ಸಿರಪ್ ಚರ್ಮದ ಮೇಲೆ ಮುತ್ತುಮುತ್ತಾಗಿ ನಿಲ್ಲದೆ, ಬಟ್ಟೆಯ ಮೇಲೆ ಉರುಳಿ ಹೋಗದೆ, ನಿಜವಾದ ರಕ್ತದ ಹಾಗೆ ಹರಡಿ ಇಂಗಲು ಅದು ಬೇಕು. ಆದರೆ ಅದು ವಿಷ. ಬಾಯಿ, ಕಣ್ಣು, ತೆರೆದ ಗಾಯದ ಹತ್ತಿರ ಬರುವ ರಕ್ತಕ್ಕೆ ಅದನ್ನು ಹಾಕಲೇಬಾರದು. ಆ ಎರಡು ಔನ್ಸಿನ ಜಾಗಕ್ಕೆ ನೀರು ಹಾಕಿ, ಬೇರೆ ಬಾಟಲಿಯಲ್ಲಿಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕು. ಪ್ಯಾರಾಬೆನ್ ಪುಡಿಯನ್ನು ನೇರ ಸಿರಪ್‌ಗೆ ಸುರಿದರೆ ಗಂಟುಕಟ್ಟುತ್ತದೆ, ಮೊದಲು ಒಂದಿಷ್ಟು ನೀರಿನಲ್ಲಿ ಕಲಸಿಕೊಳ್ಳಿ. ಆಹಾರಬಣ್ಣ ಚರ್ಮಕ್ಕೂ ಬಟ್ಟೆಗೂ ಕಲೆ ಕಟ್ಟುತ್ತದೆಂಬುದನ್ನು ವಸ್ತ್ರವಿಭಾಗಕ್ಕೆ ಮೊದಲೇ ತಿಳಿಸಿ.

‘ಎಕ್ಸಾರ್ಸಿಸ್ಟ್’ 1973ರ ಕೊನೆಗೆ ತೆರೆಕಂಡಿತು. ಹುಡುಗಿ ಲಿಂಡಾ ಬ್ಲೇರ್ ಅವರ ಮೇಕಪ್‌ಗೆ ಸ್ಮಿತ್ ಮೊದಲು ಮಾಡಿದ ಮಾದರಿಗಳನ್ನು ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಒಪ್ಪಲಿಲ್ಲ. ಅವು ದೆವ್ವದ ಮುಖವಾಡದಂತಿದ್ದವು, ಹುಡುಗಿ ಅದರ ಹಿಂದೆ ಕಳೆದುಹೋಗಿದ್ದಳು. ಮುಖ ಕೆಡುವುದು ಅವಳೇ ಪರಚಿಕೊಂಡ ಗಾಯ ಕೊಳೆತು ಆಗಬೇಕು ಎಂದು ತೀರ್ಮಾನವಾದ ಮೇಲೆ ದಾರಿ ತೆರೆಯಿತು. ಗಾಯಕ್ಕೆ ಕಾರಣ ಸಿಕ್ಕಿತು, ಕಾರಣದಿಂದ ಜಾಗ ಸಿಕ್ಕಿತು. ಪ್ರೇಕ್ಷಕರಿಗೆ ಹುಡುಗಿ ಕೊನೆಯವರೆಗೂ ಕಾಣುತ್ತಾಳೆ, ಹೆದರಿಕೆ ಹುಟ್ಟುವುದು ಅದರಿಂದಲೇ.

ಅದರಲ್ಲಿ ಹೊಟ್ಟೆಯ ಚರ್ಮದ ಮೇಲೆ ‘ನನ್ನನ್ನು ಕಾಪಾಡಿ’ ಎಂಬರ್ಥದ ಇಂಗ್ಲಿಷ್ ಅಕ್ಷರಗಳು ಒಳಗಿನಿಂದ ಉಬ್ಬಿ ಬರುವ ಒಂದು ಶಾಟ್ ಇದೆ. ಫೋಮ್ ಲ್ಯಾಟೆಕ್ಸಿನಲ್ಲಿ ಹೊಟ್ಟೆಯ ಪ್ರತಿ ಮಾಡಿ, ಅದರ ಮೇಲೆ ಕುಂಚದಿಂದ ಬಟ್ಟೆಯ ಕಲೆ ತೆಗೆಯುವ ರಾಸಾಯನಿಕದಲ್ಲಿ ಅಕ್ಷರ ಬರೆದರು. ಅಂಥ ದ್ರಾವಕ ತಾಗಿದ ಕಡೆ ಲ್ಯಾಟೆಕ್ಸ್ ಉಬ್ಬುತ್ತದೆ. ಅದು ಲ್ಯಾಟೆಕ್ಸಿನ ದೋಷ, ನಾವೆಲ್ಲ ಹೆದರುವ ದೋಷ. ಸ್ಮಿತ್ ಅದನ್ನೇ ಕೆಲಸಕ್ಕೆ ಹಚ್ಚಿದರು. ಉಬ್ಬಿದ ಅಕ್ಷರಗಳಿಗೆ ಬಿಸಿಗಾಳಿ ಊದಿದರೆ ದ್ರಾವಕ ಆರಿಹೋಗಿ ಅವು ಇಳಿಯುತ್ತವೆ. ಇಳಿಯುವುದನ್ನು ಚಿತ್ರೀಕರಿಸಿ ಫಿಲಂ ಹಿಂದುಮುಂದಾಗಿ ಓಡಿಸಿದರು. ತಿರುಗುವ ತಲೆಯ ಬೊಂಬೆಯೂ ಅವರ ಕಾರ್ಯಾಗಾರದ್ದೇ.

ಇದೇ ದೋಷದ ಇನ್ನೊಂದು ಮುಖ ಬಣ್ಣದ್ದು. ಖನಿಜತೈಲವಿರುವ ಸಾಮಾನ್ಯ ಗ್ರೀಸ್‌ಪೇಂಟ್ ಫೋಮ್ ಲ್ಯಾಟೆಕ್ಸನ್ನು ದಿನ ಕಳೆದಂತೆ ತಿನ್ನುತ್ತದೆ, ಜೊತೆಗೆ ಸ್ಪಂಜು ಎಣ್ಣೆ ಹೀರಿ ತುಂಡು ಚರ್ಮಕ್ಕಿಂತ ಬೇರೆ ಬಣ್ಣಕ್ಕೆ ತಿರುಗುತ್ತದೆ. ಅದಕ್ಕಾಗಿಯೇ ಹರಳೆಣ್ಣೆ ಆಧಾರದ ಬಣ್ಣಗಳಿವೆ. ಸ್ಮಿತ್ ಇನ್ನೊಂದು ದಾರಿ ತೋರಿಸಿದರು. ಪ್ರೋಸ್-ಏಡ್ ಎಂಬ ಅಂಟು ಮತ್ತು ಚಿತ್ರಕಾರರ ಆಕ್ರಿಲಿಕ್ ಬಣ್ಣವನ್ನು ಸಮಪಾಲು ಬೆರೆಸುವುದು. ಇದಕ್ಕೆ ಪ್ಯಾಕ್ಸ್ ಎಂದು ಹೆಸರು. ರಬ್ಬರ್ ಹಿಗ್ಗಿದಷ್ಟೂ ಹಿಗ್ಗುತ್ತದೆ, ಬಿರುಕು ಬಿಡುವುದಿಲ್ಲ, ಬೆವರಿಗೂ ಜಗ್ಗದು. ಒಣಗಿದ ಮೇಲೂ ಜಿಗುಟು ಉಳಿಯುವುದರಿಂದ ಪೌಡರ್ ಕಡ್ಡಾಯ. ಅಂಟೇ ಆದ್ದರಿಂದ ಬರಿಯ ಚರ್ಮದ ಮೇಲೆ ದಪ್ಪವಾಗಿ ಹಚ್ಚಿದರೆ ತೆಗೆಯುವುದು ನಟನಿಗೆ ಹಿಂಸೆ.

1980ರ ‘ಆಲ್ಟರ್ಡ್ ಸ್ಟೇಟ್ಸ್’ನಲ್ಲಿ ಚರ್ಮದ ಕೆಳಗೆ ಏನೋ ಹರಿದಾಡಿದಂತೆ ಉಬ್ಬುವ ದೃಶ್ಯಗಳಿವೆ. ತೆಳುವಾದ ಗಾಳಿಚೀಲ, ಅದಕ್ಕೊಂದು ಸಣ್ಣ ಕೊಳವೆ, ಮೇಲೆ ತೆಳು ಫೋಮ್. ಯಾರೋ ಮರೆಯಲ್ಲಿ ನಿಂತು ಊದಿದರೆ ಚರ್ಮ ಏಳುತ್ತದೆ. ಚೀಲವನ್ನು ಅಂಚಿನಲ್ಲಿ ಮಾತ್ರ ಅಂಟಿಸಬೇಕು, ಮೇಲಿನ ತುಂಡಿಗೂ ಚೀಲಕ್ಕೂ ನಡುವೆ ಅಂಟು ಹೋಗಬಾರದು, ಹೋದರೆ ಉಬ್ಬು ಒಂದೇ ಕಡೆ ಚೂಪಾಗಿ ಎದ್ದು ನಿಲ್ಲುತ್ತದೆ. ಮರುವರ್ಷದ ‘ಸ್ಕ್ಯಾನರ್ಸ್’ಗೂ ಅವರು ಸಲಹೆಗಾರರಾಗಿದ್ದರು. ಆಮೇಲೆ ಎಂಬತ್ತರ ದಶಕದ ಭಯಾನಕ ಚಿತ್ರಗಳಲ್ಲೆಲ್ಲ ಇದೇ ಉಬ್ಬು.

ಪ್ರಶಸ್ತಿಗಳ ಲೆಕ್ಕ ಚಿಕ್ಕದಾಗಿ ಮುಗಿಸೋಣ. 1967ರಲ್ಲಿ, 42ರ ಹಾಲ್ ಹೋಲ್‌ಬ್ರೂಕ್ ಅವರನ್ನು 70ರ ಮಾರ್ಕ್ ಟ್ವೇನ್ ಮಾಡಿದ ಟೆಲಿವಿಷನ್ ಕಾರ್ಯಕ್ರಮಕ್ಕೆ ಎಮ್ಮಿ ಬಂತು. ‘ಲಿಟ್ಲ್ ಬಿಗ್ ಮ್ಯಾನ್’, ‘ಗಾಡ್‌ಫಾದರ್’, ‘ಎಕ್ಸಾರ್ಸಿಸ್ಟ್’ ಯಾವುದಕ್ಕೂ ಮೇಕಪ್‌ನ ಆಸ್ಕರ್ ಇಲ್ಲ, ಏಕೆಂದರೆ ಆಗ ಆ ವಿಭಾಗವೇ ಇರಲಿಲ್ಲ. ಅದು ನಿಯಮಿತವಾಗಿ ಆರಂಭವಾದದ್ದು 1981ರ ಚಿತ್ರಗಳಿಂದ. ಮೊದಲ ಪ್ರಶಸ್ತಿ ಪಡೆದವರು ರಿಕ್ ಬೇಕರ್. ಸ್ಮಿತ್‌ಗೆ 1984ರ ‘ಅಮೆಡಿಯಸ್’ಗಾಗಿ ಪಾಲ್ ಲೆಬ್ಲಾಂಕ್ ಜೊತೆ ಸಿಕ್ಕಿತು, 2011ರಲ್ಲಿ ಗೌರವ ಆಸ್ಕರ್. 2014ರ ಜುಲೈ 30ರಂದು, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರಿಕ್ ಬೇಕರ್ ಹೆಸರು ಬಂದದ್ದು ಸುಮ್ಮನಲ್ಲ. ಹದಿಹರೆಯದಲ್ಲಿ ತನ್ನ ಕೆಲಸದ ಫೋಟೋ ಇಟ್ಟು ಸ್ಮಿತ್‌ಗೆ ಕಾಗದ ಬರೆದ ಹುಡುಗ ಅವರು. ಸ್ಮಿತ್ ಕರೆದು, ಕೆಲಸ ತೋರಿಸಿ, ಮುಂದೆ ‘ಎಕ್ಸಾರ್ಸಿಸ್ಟ್’ನಲ್ಲಿ ಸಹಾಯಕನಾಗಿ ಸೇರಿಸಿಕೊಂಡರು. ಬೇಕರ್ ಒಟ್ಟು 7 ಆಸ್ಕರ್ ಗೆದ್ದರು. 1965ರಲ್ಲೇ ಸ್ಮಿತ್ ಮಕ್ಕಳಿಗಾಗಿ, ಮನೆಯಲ್ಲೇ ಸಿಗುವ ಸಾಮಾನಿನಿಂದ ರಾಕ್ಷಸರ ಮೇಕಪ್ ಮಾಡುವ ಒಂದು ಕೈಪಿಡಿ ಬರೆದಿದ್ದರು. ಅದನ್ನು ಹಿಡಿದು ಕನ್ನಡಿಯ ಮುಂದೆ ಕೂತ ಹುಡುಗರಲ್ಲಿ ಎಷ್ಟೋ ಮಂದಿ ಮುಂದೆ ಇದೇ ಕಸುಬಿಗೆ ಬಂದರು. ನಿರ್ದೇಶಕ ಜೆ.ಜೆ. ಏಬ್ರಮ್ಸ್ ಹುಡುಗನಾಗಿದ್ದಾಗ ಬರೆದ ಕಾಗದಕ್ಕೆ ಉತ್ತರವಾಗಿ, ‘ಎಕ್ಸಾರ್ಸಿಸ್ಟ್’ನಲ್ಲಿ ಬಳಸಿದ ಕೃತಕ ನಾಲಗೆಯೇ ಅಂಚೆಯಲ್ಲಿ ಬಂತು. ಮೆಕ್ಸಿಕೋದ ನಿರ್ದೇಶಕ ಗಿಯರ್ಮೊ ದೆಲ್ ತೊರೊ ಕೂಡ ಸ್ಮಿತ್ ಅವರ ಶಿಷ್ಯರೇ.

ಕಾಗದಗಳಿಗೆ ಒಂದೊಂದಾಗಿ ಉತ್ತರಿಸಿ ಸಾಲದಾದಾಗ ಸ್ಮಿತ್ ಅಂಚೆ ಮೂಲಕವೇ ಒಂದು ಉನ್ನತ ಪಾಠಕ್ರಮ ಶುರುಮಾಡಿದರು. ಪಾಕಗಳು, ಅಳತೆಗಳು, ಎಲ್ಲಿ ಏನು ಕೆಡುತ್ತದೆ ಎಂಬ ಟಿಪ್ಪಣಿಗಳು, ಎಲ್ಲ ಅದರಲ್ಲಿದ್ದವು. ಹೊಸದೇನಾದರೂ ಕಂಡುಕೊಂಡರೆ ಅದೂ ಸೇರುತ್ತಿತ್ತು. ಹಾಲಿವುಡ್‌ನ ಹಳಬರು ಮಗನಿಗೆ ಮಾತ್ರ ಹೇಳುತ್ತಿದ್ದಂಥದ್ದನ್ನು ಅವರು ಬೆರಳಚ್ಚು ಮಾಡಿ ಕಳುಹಿಸಿದರು. ಇವತ್ತು ನಾವು ಇಲ್ಲಿ ಗ್ರಾಂ ಲೆಕ್ಕದಲ್ಲಿ ಮಾತಾಡುತ್ತಿರುವುದು ಅಂಥ ಬಿಚ್ಚುಕೈಯವರು ಇದ್ದದ್ದರಿಂದ.

ಕೊನೆಯದಾಗಿ, ಈ ವಿಷಯ ಬಂದಾಗಲೆಲ್ಲ ಏಳುವ ಒಂದು ಪ್ರಶ್ನೆ: ಈಗ ಸಿಲಿಕೋನ್ ಬಂದಿದೆ, ಫೋಮ್ ಲ್ಯಾಟೆಕ್ಸಿನ ಪಾಠ ಯಾಕೆ? ಸಿಲಿಕೋನ್ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಹತ್ತಿರದ ಶಾಟ್‌ನಲ್ಲಿ ಚರ್ಮಕ್ಕೆ ಇನ್ನೂ ಹತ್ತಿರ. ಅದರ ಅಂಚನ್ನು ದ್ರಾವಕದಿಂದ ಕರಗಿಸಿ ಚರ್ಮದಲ್ಲಿ ಸೇರಿಸಿಬಿಡಬಹುದು. ಫೋಮ್‌ಗೆ ಆ ಸೌಕರ್ಯವಿಲ್ಲ. ಆದರೆ ಸಿಲಿಕೋನ್ ಭಾರ, ಬೆವರನ್ನು ಹೊರಗೆ ಬಿಡದು, ದೊಡ್ಡ ತುಂಡು ಮಾಡಿದರೆ ಸಂಜೆಯ ಹೊತ್ತಿಗೆ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಎಲ್ಲಿ ತುಂಡು ಮಾಡಬೇಕು, ಎಲ್ಲಿ ತೆಳುವಾಗಿಸಬೇಕು, ಎಲ್ಲಿ ನಟನ ಚರ್ಮವನ್ನೇ ಬಿಡಬೇಕು ಎಂಬ ಲೆಕ್ಕ ಹಾಗೆಯೇ ಉಳಿದಿದೆ. 2017ರ ‘ಡಾರ್ಕೆಸ್ಟ್ ಅವರ್’ನಲ್ಲಿ ಗ್ಯಾರಿ ಓಲ್ಡ್‌ಮನ್ ಚರ್ಚಿಲ್ ಆದದ್ದನ್ನು ನೋಡಿ. ಕೆನ್ನೆ, ಗಲ್ಲ, ಕತ್ತು ಸಿಲಿಕೋನ್, ಕಣ್ಣು ಮತ್ತು ತುಟಿ ಓಲ್ಡ್‌ಮನ್ ಅವರದೇ.

ಅದನ್ನು ಮಾಡಿದ ಕಜು ಹಿರೊ ಜಪಾನಿನ ಕ್ಯೋಟೋದವರು. ಸ್ಮಿತ್ ಮಾಡಿದ್ದ ಲಿಂಕನ್ ಮೇಕಪ್ ಅನ್ನು ಪತ್ರಿಕೆಯೊಂದರಲ್ಲಿ ನೋಡಿ, ಕನ್ನಡಿಯ ಮುಂದೆ ತಾವೇ ಲಿಂಕನ್ ಆಗಲು ಯತ್ನಿಸಿ, ಸ್ಮಿತ್‌ಗೆ ಕಾಗದ ಬರೆದ ಇನ್ನೊಬ್ಬ ಹುಡುಗ. 2002ರಲ್ಲಿ ಗುರುವಿಗೆ 80 ತುಂಬಿದಾಗ ಅವರು ಒಂದು ಉಡುಗೊರೆ ಕೊಟ್ಟರು. ನಿಜಗಾತ್ರಕ್ಕಿಂತ ದೊಡ್ಡದಾದ ಸ್ಮಿತ್ ಅವರ ಮುಖದ ಶಿಲ್ಪ. ಚರ್ಮದ ರಂಧ್ರ, ಕಣ್ಣಂಚಿನ ತೇವ, ಹಣೆಯ ಗೆರೆ ಎಲ್ಲ ಇದ್ದಂತೆಯೇ. ಇಡೀ ಆಯುಷ್ಯ ಬೇರೆಯವರ ಮುಖದಲ್ಲಿ ಮುಪ್ಪನ್ನು ಕಟ್ಟಿದವರ ಸ್ವಂತ ಸುಕ್ಕುಗಳನ್ನು ಶಿಷ್ಯ ಒಂದೊಂದಾಗಿ ತಿದ್ದಿ ಮುಂದಿಟ್ಟಿದ್ದರು.